ಉಸಿರಿನ ಯಂತ್ರದ ಕೋಣೆಯಲ್ಲಿ ಕೇಳಿದ ದನಿ

ದೆವ್ವ, ಪೀಡೆ, ಸತ್ತವರು ತಿರುಗಿ ಬರುವುದು, ಇದ್ಯಾವುದನ್ನೂ ನಾನು ನಂಬಿದವಳಲ್ಲ. ನಂಬಿದ್ದರೆ ಇಷ್ಟು ವರ್ಷ ಆಸ್ಪತ್ರೆಗಳಲ್ಲಿ ನರ್ಸ್ ಕೆಲಸ ಮಾಡಲು ಆಗುತ್ತಲೇ ಇರಲಿಲ್ಲ. ತರಬೇತಿಯ ಕಾಲದಲ್ಲಿ ಹಾಸ್ಟೆಲಿನ ಹುಡುಗಿಯರು ಇಂಥ ಕತೆಗಳನ್ನು ಹೇಳಿಕೊಂಡು ಒಬ್ಬರನ್ನೊಬ್ಬರು ಅಪ್ಪಿಕೊಂಡು ಮಲಗುತ್ತಿದ್ದರು. ನಾನು ನಕ್ಕು ಮಗ್ಗುಲಾಗುತ್ತಿದ್ದೆ. ಸತ್ತವರ ಮೈ ಒರೆಸಿ, ಕಣ್ಣು ಮುಚ್ಚಿಸಿ, ಕೈ ತೊಳೆದುಕೊಂಡು ಹೋಗಿ ಊಟ ಮಾಡಿದವಳು ನಾನು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಮುಂದಿನದನ್ನು ಓದಿ ನನ್ನನ್ನು ಸುಮ್ಮಸುಮ್ಮನೆ ಹೆದರುವ ಹೆಂಗಸು ಎಂದು ನೀವು ತಿಳಿಯಬಾರದು. ಇನ್ನೊಂದು ಮಾತು. ಇದು ಕತ್ತಲಲ್ಲಿ ನಡೆದದ್ದಲ್ಲ. ಮಧ್ಯಾಹ್ನ ಮೂರು ಗಂಟೆಗೆ, ಕಿಟಕಿಯಿಂದ ಬಿಸಿಲು ನೆಲದ ಮೇಲೆ ಬಿದ್ದಿದ್ದಾಗ ನಡೆದದ್ದು.

ತೊಂಬತ್ತರ ದಶಕದ ಮಾತು. ಚಾಮರಾಜನಗರ ಆಗಿನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ. ಅಲ್ಲಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಾನು ಕೆಲಸಕ್ಕಿದ್ದೆ. ಹೆಸರು ಬೇಡ, ಆ ಆಸ್ಪತ್ರೆ ಮುಚ್ಚಿಹೋಗಿ ಎಷ್ಟೋ ಕಾಲವಾಯಿತು. ಬದನಗುಪ್ಪೆಯ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಲ್ಲಿ ಉಸಿರಾಟದ ಯಂತ್ರ ಒಂದೇ ಒಂದಿತ್ತು. ಯಾವುದೋ ದೊಡ್ಡ ಆಸ್ಪತ್ರೆಯಲ್ಲಿ ಬಳಸಿ ಬಿಟ್ಟದ್ದನ್ನು ನಮ್ಮ ಡಾಕ್ಟರು ತರಿಸಿ, ಒಂದು ಪುಟ್ಟ ಕೋಣೆಯಲ್ಲಿ ಇರಿಸಿದ್ದರು. ಗಂಟಲಿಗೆ ಹಾಕಿದ ಕೊಳವೆಯ ಮೂಲಕ ಅದು ರೋಗಿಯ ಎದೆಗೆ ಗಾಳಿ ಒತ್ತುತ್ತಿತ್ತು. ಕರೆಂಟು ಹೋದರೆ ಅದೂ ನಿಲ್ಲುತ್ತಿತ್ತು. ಆಗ ರಬ್ಬರಿನ ಚೀಲವನ್ನು ಕೊಳವೆಗೆ ಸಿಕ್ಕಿಸಿ, ಕೈಯಿಂದ ಅದುಮಿ ಅದುಮಿ ನಾವೇ ಉಸಿರು ಕೊಡಬೇಕಾಗಿತ್ತು. ಕರೆಂಟು ದಿನಕ್ಕೆ ನಾಲ್ಕೈದು ಸಲವಾದರೂ ಹೋಗುತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ಹಂಗಳದಿಂದ ಚಿಕ್ಕತಾಯಮ್ಮ ಎನ್ನುವವರನ್ನು ಕರೆತಂದರು. ಮೂವತ್ತೈದು ವರ್ಷದ ಗಟ್ಟಿ ಹೆಂಗಸು. ಸೆಕೆಯೆಂದು ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದಾಗ ಕಟ್ಟುಹಾವು ಕಚ್ಚಿತ್ತು. ಆ ಹಾವು ಕಚ್ಚಿದರೆ ಗಾಯವೂ ಕಾಣುವುದಿಲ್ಲ, ನೋವೂ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರಿಗೆ ರೆಪ್ಪೆ ಎತ್ತಲಾಗಲಿಲ್ಲವಂತೆ. ಆಮೇಲೆ ನಾಲಿಗೆ ತೊದಲಿತು. ಗುಂಡ್ಲುಪೇಟೆಯ ಡಾಕ್ಟರೊಬ್ಬರು ಹಾವಿನ ಮದ್ದು ಕೊಟ್ಟು, ಉಸಿರು ಕ್ಷೀಣವಾಗುತ್ತಿರುವುದನ್ನು ಕಂಡು ಗಂಟಲಿಗೆ ಕೊಳವೆ ಹಾಕಿ, ಮೈಸೂರು ಮುಟ್ಟುವವರೆಗೆ ತಡೆಯುವುದಿಲ್ಲವೆಂದು ನಮ್ಮಲ್ಲಿಗೆ ಕಳಿಸಿದರು. ತೆರಕಣಾಂಬಿ ದಾರಿಯುದ್ದಕ್ಕೂ ಜೀಪಿನಲ್ಲಿ ಆ ರಬ್ಬರ್ ಚೀಲ ಅದುಮುತ್ತ ಬಂದವರು ಚಿಕ್ಕತಾಯಮ್ಮನ ತಾಯಿ, ಮಾದಮ್ಮ. ಅರವತ್ತರ ಮೇಲಿನ ಮುದುಕಿ. ಜೀಪಿನಿಂದ ಇಳಿಸಿ ಕೈಯಿಂದ ಚೀಲ ತೆಗೆದುಕೊಂಡಾಗ ಅವರ ಬೆರಳುಗಳು ಬಿಡಿಸಿಕೊಳ್ಳಲೇ ಇಲ್ಲ.

ಯಂತ್ರಕ್ಕೆ ಹಾಕಿದೆವು. ಅಲ್ಲಿಂದ ನಮ್ಮ ಕೆಲಸ ಶುರುವಾಯಿತು. ಇಂಥ ರೋಗಿಯ ಆರೈಕೆಯೆಂದರೆ ಏನೆಂದು ಮಾಡದವರಿಗೆ ಹೇಳುವುದು ಕಷ್ಟ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ರೆಪ್ಪೆ ಪೂರ್ತಿ ಮುಚ್ಚದ ಕಣ್ಣಿಗೆ ಮುಲಾಮು ಹಚ್ಚಿ ಒದ್ದೆ ಬಟ್ಟೆ ಇಡಬೇಕು. ಬಾಯಿ ಒರೆಸಬೇಕು. ಮೂಗಿನ ನಳಿಕೆಯಿಂದ ಗಂಜಿನೀರು ಹನಿಸಬೇಕು. ಗಂಟಲಿನ ಕೊಳವೆಯಲ್ಲಿ ಗೊರಗೊರ ಸದ್ದು ಬಂದಾಗೆಲ್ಲ ಕಫ ಎಳೆಯಬೇಕು. ಯಂತ್ರದ ಕೊಳವೆಗಳಲ್ಲಿ ಹಬೆ ನೀರಾಗಿ ನಿಲ್ಲುತ್ತದೆ, ಅದನ್ನು ಬಸಿಯಬೇಕು. ನಾಡಿ, ಬಿ.ಪಿ., ಮೂತ್ರ ಎಲ್ಲವನ್ನೂ ಬರೆಯಬೇಕು. ಇಷ್ಟೆಲ್ಲ ಮುಗಿಸಿ ನೋಡಿದರೆ ಮತ್ತೆ ಮಗ್ಗುಲು ಬದಲಿಸುವ ಹೊತ್ತು. ನನಗೆ ಕಲಿಸಿದ ಹಿರಿಯ ಸಿಸ್ಟರ್ ಒಬ್ಬರು, ರೋಗಿಗೆ ಪ್ರಜ್ಞೆ ಇರಲಿ ಬಿಡಲಿ, ಏನು ಮಾಡುತ್ತೀಯೋ ಅದನ್ನು ಹೇಳಿ ಮಾಡು ಎನ್ನುತ್ತಿದ್ದರು. ಆ ಅಭ್ಯಾಸದಿಂದ, "ಈಗ ಕಫ ತೆಗೀತೀನಿ ಚಿಕ್ಕತಾಯವ್ವ, ಸ್ವಲ್ಪ ತಡ್ಕೊಳ್ಳಿ" ಎಂದು ಹೇಳುತ್ತಿದ್ದೆ. ಗೋಡೆಗೆ ಹೇಳಿದಂತೆ ಆಗುತ್ತಿತ್ತು. ಬೆರಳಿಲ್ಲ, ರೆಪ್ಪೆಯಿಲ್ಲ, ಏನೂ ಅಲುಗುತ್ತಿರಲಿಲ್ಲ. ಟಾರ್ಚು ಬಿಟ್ಟರೆ ಕಣ್ಣಿನ ಪಾಪೆ ಕೂಡ ಕದಲುತ್ತಿರಲಿಲ್ಲ.

"ಈ ವಿಷ ನರಗಳನ್ನ ಕಟ್ಟಿಹಾಕುತ್ತೆ ಅಷ್ಟೆ. ಕಟ್ಟು ಬಿಚ್ಚೋವರೆಗೂ ನಾವು ಉಸಿರು ಕೊಡ್ತಾ ಇರಬೇಕು. ಒಳಗೆ ಅವರಿಗೆ ಎಲ್ಲಾ ಕೇಳಿಸ್ತಿರುತ್ತೆ" ಎಂದು ಡಾಕ್ಟರು ಹೇಳಿದ್ದರು. ನಿಜ ಹೇಳುತ್ತೇನೆ, ಮೂರನೆಯ ದಿನದ ಹೊತ್ತಿಗೆ ನನಗೆ ಆ ನಂಬಿಕೆ ಉಳಿದಿರಲಿಲ್ಲ.

ಉಳಿದವರಿಗಂತೂ ಇರಲೇ ಇಲ್ಲ. ಚಿಕ್ಕತಾಯಮ್ಮನ ಗಂಡ ಬಾಯಿಲ್ಲದ ಮನುಷ್ಯ. ಅಣ್ಣ ಹೇಳಿದ್ದೇ ಅವನಿಗೆ ಮಾತು. ಆ ಅಣ್ಣ ಮಲ್ಲಪ್ಪನವರು ಕೆಟ್ಟವರಲ್ಲ. ತಮ್ಮನ ಹೆಂಡತಿಗಾಗಿ ಮೂರು ದಿನ ಕೆಲಸ ಬಿಟ್ಟು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತವರು. ಮೂರನೆಯ ದಿನ ಬೆಳಿಗ್ಗೆ ನನ್ನ ಬಳಿ ಬಂದು ನಿಂತರು.

"ಜೀವ ಯಾವತ್ತೋ ಹೋಗದೆ ಕಣಮ್ಮ. ಉಸ್ರಾಡ್ತಿರದು ನಿಮ್ ಮಿಷಿನ್ನು, ಇವಳಲ್ಲ. ಮಕ್ಳು ಕೊನೇದಾಗಿ ಮಕ ನೋಡ್ಲಿ. ಸಂಜೆಗೆ ಗಾಡಿ ಹೇಳಿವ್ನಿ, ಕರ್ಕಂಡೋಯ್ತೀವಿ."

ಮಾದಮ್ಮ ಗೋಡೆಗೊರಗಿ ಕೂತಿದ್ದವರು ಎದ್ದೇ ಬಿಟ್ಟರು. "ಮೈ ಬೆಚ್ಚಗದೆ. ಬೆಚ್ಚಗಿರಗಂಟ ನನ್ ಮಗಳ್ನ ಯಾರೂ ಮುಟ್ಬ್ಯಾಡಿ."

"ನಿಂಗೆ ಅರ್ಥವಾಗಕ್ಕಿಲ್ಲ, ಸುಮ್ಕಿರವ್ವ" ಎಂದರು ಮಲ್ಲಪ್ಪ. ಗಡುಸಾಗಿ ಅಲ್ಲ, ಸೋತ ದನಿಯಲ್ಲಿ.

ಡಾಕ್ಟರು ಬಂದು ಇನ್ನು ನಾಲ್ಕು ದಿನ ತಡೆಯಿರಿ ಎಂದು ಕೇಳಿಕೊಂಡರು. ಮಲ್ಲಪ್ಪ ಒಪ್ಪಲಿಲ್ಲ. ಐದು ಗಂಟೆಗೆ ಗಾಡಿ ಬರುವುದು, ಕೊಳವೆ ತೆಗೆದು ಕಳಿಸುವುದು ಎಂದು ನಿಶ್ಚಯವಾಯಿತು. ಕೊಳವೆ ತೆಗೆದರೆ ಐದು ನಿಮಿಷವೂ ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ನಾನು ಹಿಂದಿನ ರಾತ್ರಿ ಎಂಟಕ್ಕೆ ಡ್ಯೂಟಿಗೆ ಬಂದವಳು. ಆ ರಾತ್ರಿ ಕರೆಂಟು ಹೋಗಿ ಹೆಚ್ಚುಕಡಿಮೆ ಮೂರು ಗಂಟೆ ಹೊತ್ತು ಚೀಲ ಅದುಮಿದ್ದೆ. ಬೆಳಿಗ್ಗೆ ನನ್ನನ್ನು ಬಿಡಿಸಬೇಕಾದ ಸಿಸ್ಟರಿಗೆ ಜ್ವರ, ಬರಲಿಲ್ಲ. ನರ್ಸುಗಳಲ್ಲಿ ಯಂತ್ರ ಗೊತ್ತಿದ್ದವರು ನಾವಿಬ್ಬರೇ. "ಸಂಜೆವರೆಗೆ ತಾನೇ, ನೋಡ್ಕೊಳ್ಳಮ್ಮ" ಎಂದು ಡಾಕ್ಟರು ಹೇಳಿದಾಗ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಮಧ್ಯಾಹ್ನ ಅನ್ನ ಸಾರು ಉಂಡ ಮೇಲೆ ಕಾಲು ನನ್ನವಲ್ಲ ಅನ್ನಿಸುತ್ತಿತ್ತು. ಕಣ್ಣಿಗೆ ನೀರು ಹಾಕಿಕೊಂಡು ಬಂದೆ. ಸಂಜೆ ಹೋಗುವ ಜೀವವಾದರೂ ಶುದ್ಧವಾಗಿ ಹೋಗಲಿ ಎಂದು ಚಿಕ್ಕತಾಯಮ್ಮನ ಮೈ ಒರೆಸಿದೆ, ತಲೆ ಬಾಚಿ ಜಡೆ ಹಾಕಿದೆ. ಆಮೇಲೆ ಕಫ ತೆಗೆದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಕಫ ತೆಗೆಯಲು ಯಂತ್ರದ ಕೊಳವೆಯನ್ನು ಗಂಟಲಿನ ಕೊಳವೆಯಿಂದ ಬಿಡಿಸಬೇಕು. ಬಿಡಿಸಿದ ಕೂಡಲೇ ಯಂತ್ರ ಕೀಂಯೆಂದು ಕೂಗಿಕೊಳ್ಳುತ್ತದೆ. ಆ ಕೂಗನ್ನು ನಿಲ್ಲಿಸಲು ಒಂದು ಸ್ವಿಚ್ಚಿತ್ತು. ಕೆಲಸವಾದ ಮೇಲೆ ನೆನಪಿನಿಂದ ಅದನ್ನು ಮತ್ತೆ ಹಾಕಬೇಕು. ಅವತ್ತು ನಾನು ಆರಿಸಿದೆ. ಕಫ ತೆಗೆದು ಕೊಳವೆ ಸಿಕ್ಕಿಸಿದೆ. ಸ್ವಿಚ್ಚು ಹಾಕಲಿಲ್ಲ. ಮಂಚದ ತಲೆದೆಸೆಯಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಒಂದೇ ನಿಮಿಷ ಎಂದುಕೊಂಡೆ.

ನಿದ್ದೆ ಹೋಗಿಬಿಟ್ಟೆ. ಇದನ್ನು ಎಷ್ಟೋ ವರ್ಷ ಯಾರಿಗೂ ಹೇಳಿರಲಿಲ್ಲ.

ಎಚ್ಚರಿಸಿದ್ದು ಒಂದು ದನಿ. ಕಿವಿಯ ಹತ್ತಿರದಲ್ಲೇ, ಸ್ವಲ್ಪ ಒಡಕಾದ ಹೆಂಗಸಿನ ದನಿ. ಗಾಬರಿಯಿರಲಿಲ್ಲ ಅದರಲ್ಲಿ. ಅಡುಗೆಮನೆಯಿಂದ ಒಬ್ಬರು ಇನ್ನೊಬ್ಬರನ್ನು ಕರೆದಷ್ಟು ಸಾಧಾರಣವಾಗಿತ್ತು.

"ಅಮ್ಮಿ, ಗಾಳಿ ಬತ್ತಿಲ್ಲ ಕಣಮ್ಮಿ."

ಕಣ್ಣು ಬಿಟ್ಟೆ. ಯಂತ್ರ ತನ್ನ ಪಾಡಿಗೆ ಬುಸ್ ಬುಸ್ ಎನ್ನುತ್ತಿತ್ತು. ಅದರ ಕೊಳವೆ ನೀರಿನ ಭಾರಕ್ಕೆ ಜಾರಿ ದಿಂಬಿನ ಮೇಲೆ ಬಿದ್ದು, ಹಾಸಿಗೆಗೆ ಗಾಳಿ ಊದುತ್ತಿತ್ತು. ಚಿಕ್ಕತಾಯಮ್ಮನ ಎದೆ ಏಳುತ್ತಿರಲಿಲ್ಲ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾಡಿ ಕೈಗೆ ಸಿಕ್ಕಿತು, ಆದರೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ನನ್ನ ಪ್ರಾಣ ಹೋಗುವಷ್ಟು ಅಂತರ. ಚೀಲ ಸಿಕ್ಕಿಸಿ ಅದುಮಿದೆ, ಅದುಮಿದೆ. ಎಷ್ಟು ಹೊತ್ತೋ ತಿಳಿಯದು. ತುಟಿಗೆ ಬಣ್ಣ ಬಂತು. ನಾಡಿ ತನ್ನ ಓಟಕ್ಕೆ ಬಂತು. ಯಂತ್ರದ ಕೊಳವೆ ಸಿಕ್ಕಿಸಿ, ಸ್ವಿಚ್ಚು ಹಾಕಿದೆ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನಿದ್ದೆಯಲ್ಲೂ ದುಡಿಯುವ ನರ್ಸಿನ ಮನಸ್ಸು ಯಂತ್ರದ ಸದ್ದು ಬದಲಾದದ್ದನ್ನು ಹಿಡಿದು, ಅದಕ್ಕೊಂದು ದನಿ ಕೊಟ್ಟು ಎಬ್ಬಿಸಿತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಮಾದಮ್ಮ ಓಡಿಬಂದರು. ಮೊಣಕೈವರೆಗೂ ಸೋಪಿನ ನೊರೆ. ಹಜಾರದ ಆ ತುದಿಯ ಕೊಳಾಯಿಯಲ್ಲಿ ಬಟ್ಟೆ ಒಗೆಯುತ್ತಿದ್ದರು.

"ನಮ್ ಚಿಕ್ಕತಾಯಿ ಮಾತಾಡ್ದಳಲ್ಲವ್ವ! ಏನಂದ್ಳು? ಏನಂದ್ಳು ಹೇಳು!"

ಗಂಟಲಿನಲ್ಲಿ ಕೊಳವೆ ಇರುವವರು ಮಾತಾಡಲಾರರು. ಕೊಳವೆಯ ಸುತ್ತ ಒಂದು ಪುಟ್ಟ ಬಲೂನು ಉಬ್ಬಿರುತ್ತದೆ, ಗಾಳಿ ದನಿಪೆಟ್ಟಿಗೆಯ ಹತ್ತಿರವೂ ಸುಳಿಯುವುದಿಲ್ಲ. ನಾಲಿಗೆ ಅಲುಗದ, ರೆಪ್ಪೆ ಅಲುಗದ ಹೆಂಗಸು ಬೇರೆ. ಅದು ಹೇಗೂ ಸಾಧ್ಯವಿಲ್ಲ. ಇದನ್ನು ಆ ತಾಯಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಏನು ಕೇಳಿಸಿತು ಎಂದು ಹೇಳಿದರೆ ಮಲಗಿದ್ದೆ ಎಂದೂ ಹೇಳಬೇಕಾಗುತ್ತಿತ್ತು.

ಮಲ್ಲಪ್ಪನವರು ಅವರ ಹಿಂದೆಯೇ ಒಳಗೆ ಬಂದರು. ಬಾಗಿಲಿಗೆ ಅಂಟಿಕೊಂಡ ಬೆಂಚಿನ ಮೇಲೆ, ಮೂರು ಮಾರು ದೂರದಲ್ಲಿ, ಎಚ್ಚರವಾಗಿಯೇ ಕೂತಿದ್ದವರು. "ನಂಗೇನೂ ಕೇಳ್ನಿಲ್ವಲ್ಲ" ಎಂದರು.

"ನಿಂಗೆ ಕೇಳ್ನಿಲ್ಲ ಅಂದ್ರೆ? ನನ್ ಮಗಳ್ ದನಿ ನಂಗೊತ್ತಿಲ್ವಾ? ಅಮ್ಮಿ ಅಂತ ಕರುದ್ಲು. ಆಮ್ಯಾಕೆ ಇನ್ನೇನೋ ಅಂದ್ಳು."

ನಮ್ಮ ಸೀಮೆಯಲ್ಲಿ ಹೆಂಗಸರನ್ನು ಸಲಿಗೆಯಿಂದ ಕರೆಯುವ ಆ ಅಮ್ಮಿ ಎಂಬ ಮಾತನ್ನು ಮಾದಮ್ಮ ಹೇಳಿದಾಗ ನಾನು ಮಂಚದ ಕಂಬಿ ಹಿಡಿದುಕೊಂಡೆ.

ಸಂಜೆ ಗಾಡಿ ಬಂತು. ಮಾದಮ್ಮ ಅದರ ಮುಂದೆ ನೆಲದ ಮೇಲೆ ಕೂತುಬಿಟ್ಟರು. ಮಾತಾಡಿದ ಮಗಳನ್ನು ಕೊಲ್ಲಲು ಬಿಡುವುದಿಲ್ಲ ಎಂದರು. ಡಾಕ್ಟರು ನನ್ನನ್ನು ಒಳಗೆ ಕರೆದು, "ಕೊಳವೆ ಇಟ್ಕೊಂಡು ಮಾತಾಡೋದು ಎಲ್ಲಾದ್ರೂ ಉಂಟೇನಮ್ಮ? ನೀನು ಅಲ್ಲೇ ಇದ್ದೆಯಲ್ಲ, ಏನಾದ್ರೂ ಕೇಳಿಸ್ತಾ?" ಎಂದರು.

"ಇಲ್ಲ ಸಾರ್" ಎಂದೆ.

ಡಾಕ್ಟರು "ಹೋಗ್ಲಿ ಬಿಡು. ಮುದುಕಿ ಹಂಗೇ ನಂಬ್ಲಿ" ಎಂದರು. ಹೊರಗೆ ಬಂದು ಮಲ್ಲಪ್ಪನವರಿಗೆ ನಾಲ್ಕು ದಿನದ ಮಾತನ್ನೇ ಮತ್ತೆ ಹೇಳಿದರು. ಈ ಸಲ ಅವರು ಒಪ್ಪಿದರು. ಗಾಡಿ ಬರಿದೇ ಹೋಯಿತು. ರಾತ್ರಿ ಪಾಳಿಗೆ ಯಂತ್ರದ ಬಳಿ ಡಾಕ್ಟರೇ ಕೂತರು, ನಾನು ಮನೆಗೆ ಹೋಗಿ ಉಟ್ಟ ಸೀರೆಯಲ್ಲೇ ಬಿದ್ದುಕೊಂಡೆ. ಅಷ್ಟು ಸುಸ್ತಾಗಿದ್ದರೂ ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಕಿವಿಯ ಹತ್ತಿರ ಯಾರೋ ಬಾಯಿ ತಂದಂತಾಗುತ್ತಿತ್ತು.

ಐದನೆಯ ದಿನ ಚಿಕ್ಕತಾಯಮ್ಮನ ಎಡಗೈಯ ಕಿರುಬೆರಳು ಅಲುಗಿತು. ಮರುದಿನ ಹುಬ್ಬು ಎತ್ತಿದರು. ಎಂಟನೆಯ ದಿನ ತಾವೇ ಉಸಿರೆಳೆದರು, ಕೊಳವೆ ತೆಗೆದೆವು. ಎರಡು ದಿನ ಮಾತು ಬರಲಿಲ್ಲ, ಬಂದಾಗ ಪಿಸುಮಾತು. ಮಲ್ಲಪ್ಪನವರು ತಮ್ಮನ ಹೆಂಡತಿಯ ಮುಖ ನೋಡಲಾರದೆ ಬಾಗಿಲಾಚೆಯೇ ನಿಂತು ಕಣ್ಣೊರೆಸಿಕೊಂಡರು. ಮಾದಮ್ಮನಿಗೆ ಆಶ್ಚರ್ಯವೇನೂ ಇರಲಿಲ್ಲ. ಮೊದಲೇ ಮಾತಾಡಿದ್ದವಳು ಮತ್ತೆ ಮಾತಾಡಿದಳು, ಅಷ್ಟೇ.

ನಾನು ಚಿಕ್ಕತಾಯಮ್ಮನನ್ನು ಏನೂ ಕೇಳಲಿಲ್ಲ. ಕೇಳಲು ಹೆದರಿಕೆಯಾಗಿತ್ತು. ದೆವ್ವದ ಹೆದರಿಕೆಯಲ್ಲ, ನನ್ನ ತಪ್ಪಿನ ಹೆದರಿಕೆ. ಒಳಗೆ ಎಲ್ಲ ಕೇಳಿಸುತ್ತಿರುತ್ತದೆ ಎಂದು ಡಾಕ್ಟರು ಹೇಳಿದ್ದರಲ್ಲ. ಅವರು ಊರಿಗೆ ಹೊರಟ ದಿನ ಬೇಕೆಂದೇ ರಜೆ ಹಾಕಿದೆ.

ಅದಾಗಿ ನಾಲ್ಕೈದು ವರ್ಷದ ಮೇಲೆ ನಾನು ಕೆಲಸ ಬದಲಿಸಿ ಗುಂಡ್ಲುಪೇಟೆಗೆ ಬಂದೆ. ಒಂದು ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ ನನ್ನ ಮುಂಗೈ ಹಿಡಿದರು. ಮಾರ್ಕೆಟ್ಟಿಗೆ ಬೀನ್ಸ್ ಹಾಕಿ, ಖಾಲಿ ಚೀಲಗಳನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ ಹೆಂಗಸು. ಮುಖ ನೋಡಿ ನನಗೆ ಗುರುತು ಹತ್ತಲಿಲ್ಲ. ಹತ್ತು ದಿನ ಕಂಡದ್ದು ಜೀವವಿಲ್ಲದ ಮುಖವನ್ನಲ್ಲವೇ.

"ನಿಮ್ ದನಿ ಕೇಳುದ್ ತಕ್ಷಣ ಗೊತ್ತಾಯ್ತು. ಕಂಡಕ್ಟರ್‌ನ ಏನೋ ಕೇಳ್ತಿದ್ರಲ್ಲ. ನಾನು ಹಂಗಳದ ಚಿಕ್ಕತಾಯಿ."

ಕಲ್ಲುಬೆಂಚಿನ ಮೇಲೆ ಕೂತೆವು. ಮಕ್ಕಳ ಸಮಾಚಾರ ಹೇಳಿದರು. ಮಾದಮ್ಮ ಹಿಂದಿನ ವರ್ಷ ತೀರಿಕೊಂಡರಂತೆ. ಆಸ್ಪತ್ರೆಯ ದಿನಗಳ ಮಾತು ಅವರೇ ತೆಗೆದರು. ಕತ್ತಲಲ್ಲಿ ಕಟ್ಟಿ ಹಾಕಿದಂತಿತ್ತಂತೆ. ಭಾವ ಗಾಡಿ ಹೇಳಿದ್ದು, ತಾಯಿ ಜಗಳವಾಡಿದ್ದು, ನಾನು ಜಡೆ ಹಾಕಿದ್ದು, ಎಲ್ಲವೂ ಗೊತ್ತಿತ್ತು. ಇದ್ದೀನಿ ಕಣ್ರೋ ಎಂದು ಕೂಗಿ ಕೂಗಿ ಸಾಕಾಗಿತ್ತಂತೆ, ದನಿ ಮಾತ್ರ ಹೊರಡಲಿಲ್ಲ.

"ಒಂದಿನ ಗಾಳಿ ನಿಂತೋಯ್ತು ನೋಡಿ" ಎಂದರು.

ನಾನು ಬಸ್ಸುಗಳ ಕಡೆ ಮುಖ ತಿರುಗಿಸಿದೆ.

"ಎದೆ ಉರ್ಕಂಡ್ ಬಂತು. ಇನ್ನಾಯ್ತು ಬುಡು ಅಂದ್ಕಂಡೆ. ಆಗ ನಮ್ಮವ್ವ ಕೂಗುದ್ಲಲ್ಲ, ಅಮ್ಮಿ, ಗಾಳಿ ಬತ್ತಿಲ್ಲ ಅಂತ. ನೀವು ಎದ್ದು ಒತ್ತುದ್ರಿ."

"ಕೂಗಿದ್ದು ನಿಮ್ಮ ತಾಯಿಯಾ?"

"ಅವ್ವಂದೇ ದನಿ. ನನ್ ತಲೆತಾವೇ ನಿಂತ್ಕಂಡು ಕೂಗ್ದಂಗಿತ್ತು."

"ನಿಮ್ಮ ತಾಯಿ ಕೊಳಾಯಿ ಹತ್ತಿರ ಇದ್ದರು ಚಿಕ್ಕತಾಯವ್ವ. ಕೋಣೆಯಲ್ಲಿ ಇರಲಿಲ್ಲ."

"ಅವ್ವನೂ ಅದ್ನೇ ಅಂತಿದ್ಲು" ಎಂದು ಅವರು ನಕ್ಕರು. "ಕೂಗಿದ್ದು ನೀನೇ ಕಣೆ, ನಿನ್ ದನಿ ನಂಗೊತ್ತಿಲ್ವಾ ಅಂತ. ಸಾಯಗಂಟ ಜಗಳ ಆಡ್ದೊ ಇಬ್ರೂವೆ. ನಾನಂತೂ ಕೂಗ್ನಿಲ್ಲ, ಕೂಗಕ್ಕೆ ಆಯ್ತಿರ್ನಿಲ್ಲ. ನೀವೇ ಪಕ್ಕದಲ್ಲಿದ್ರಲ್ಲವ್ವ, ಯಾರು ಕೂಗಿದ್ದು?"

ಇಷ್ಟು ವರ್ಷ ಹೊತ್ತುಕೊಂಡಿದ್ದನ್ನು ಆ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಇಳಿಸಿಬಿಟ್ಟೆ. "ನಾನು ನೋಡಲಿಲ್ಲ. ನನಗೆ ನಿದ್ದೆ ಬಂದುಬಿಟ್ಟಿತ್ತು."

"ಗೊತ್ತು ಕಣವ್ವ" ಎಂದರು ಚಿಕ್ಕತಾಯಮ್ಮ. "ಗೊರಕೆ ಕೇಳಿಸ್ತಿತ್ತು."

ಬೈಗುಳವಿರಲಿಲ್ಲ ಆ ಮಾತಿನಲ್ಲಿ. ನನ್ನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಬಂಡೀಪುರದ ಕಡೆಯ ಬಸ್ಸು ಬಂದಾಗ ಎದ್ದು, "ನಿದ್ಗೆಟ್ಟು ಸಾಕಾಗಿದ್ರಿ ಪಾಪ" ಎಂದು ಹೇಳಿ, ಚೀಲಗಳನ್ನು ಸಂಭಾಳಿಸಿಕೊಂಡು ಜನರ ನಡುವೆ ನುಗ್ಗಿ ಹತ್ತಿದರು.

ತಾಯಿ ಮಗಳ ದನಿ ಎಂದರು. ಮಗಳು ತಾಯಿಯ ದನಿ ಎಂದಳು. ಎರಡೂ ಅಲ್ಲವೆಂದು ನನ್ನ ಓದು ಹೇಳುತ್ತದೆ, ನನ್ನ ಕಣ್ಣೂ ಹೇಳುತ್ತದೆ. ಬಾಗಿಲಲ್ಲೇ ಕೂತಿದ್ದ ಮನುಷ್ಯನಿಗೆ ಏನೂ ಕೇಳಿಸಲಿಲ್ಲ. ನಾನೇ ನಿದ್ದೆಗಣ್ಣಿನಲ್ಲಿ ಕೂಗಿಕೊಂಡೆನೇ ಎಂದೂ ಯೋಚಿಸಿದ್ದೇನೆ. ಆದರೆ ಆ ದನಿ ನನ್ನದಾಗಿದ್ದರೆ, ನಾನು ಬಾಯಿಬಿಟ್ಟ ಕೂಡಲೇ ಬಸ್ ಸ್ಟ್ಯಾಂಡಿನಲ್ಲಿ ಗುರುತು ಹಿಡಿದ ಆ ಹೆಂಗಸಿಗೆ ಅದು ತಿಳಿಯುತ್ತಿರಲಿಲ್ಲವೇ? ಆಮೇಲೆ ಎಷ್ಟೋ ರೋಗಿಗಳ ತಲೆದೆಸೆಯಲ್ಲಿ ಕೂತೆ. ಎಷ್ಟೋ ಸಲ ಕಣ್ಣು ಎಳೆದುಕೊಂಡು ಹೋಗಿದೆ. ಯಾರೂ ಕರೆಯಲಿಲ್ಲ. ನನ್ನ ಕೈಯಲ್ಲಿ ಉಳಿಯದೆ ಹೋದವರೂ ಇದ್ದಾರೆ. ಅವರ ಹೊತ್ತಿಗೆ ಆ ದನಿ ಯಾಕೆ ಬರಲಿಲ್ಲ ಎನ್ನುವುದು, ಅದು ಯಾರದು ಎನ್ನುವುದಕ್ಕಿಂತಲೂ ಈಗ ನನ್ನನ್ನು ಹೆಚ್ಚಾಗಿ ಕಾಡುತ್ತದೆ.